ಗರಿ ದ್ವೀಪದಲ್ಲಿ ಎರಡು ದಿನ: ಒಂದು ಬಸ್ ಪ್ರವಾಸದ ವಿಮರ್ಶೆ

ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ರಾಜ್ಯದ ಕರಾವಳಿಗೆ ಅಂಟಿಕೊಂಡಂತೆ ಇರುವ, ತೀರಾ ಈಚಿನವರೆಗೆ ಫ್ರೇಸರ್ ದ್ವೀಪ ಎಂದು ಕರೆಯಲಾಗುತ್ತಿದ್ದ ಮರಳಿನ ದ್ವೀಪಕ್ಕೆ ಆಗಸ್ಟ್ ತಿಂಗಳಲ್ಲಿ ನಾನೂ ನನ್ನ ಹೆಂಡತಿಯೂ ಹೋಗಿಬಂದೆವು. ಬ್ರಿಸ್ಬೇನಿನಲ್ಲಿರುವ ಮಗಳ ಮನೆಗೆ ಮೂರು ತಿಂಗಳ ಮಟ್ಟಿಗೆ ಬಂದಿದ್ದ ನಮಗೆ ಅವಳೇ ಎರಡು ಹಗಲು, ಒಂದು ರಾತ್ರಿಯ ಬಸ್ ಪ್ರವಾಸವನ್ನು ಕಾದಿರಿಸಿಕೊಟ್ಟಿದ್ದಳು. ನಾವಿಬ್ಬರೂ ಅರವತ್ತು ದಾಟಿದವರು, ಸಸ್ಯಾಹಾರಿಗಳು. ನನ್ನ ಹೆಂಡತಿಗೆ ಮೊಣಕಾಲಿನ ನೋವಿದೆ. ಮಕ್ಕಳನ್ನು ನೋಡಲು ಆಸ್ಟ್ರೇಲಿಯಾಕ್ಕೆ ಬರುವ ನಮ್ಮಂಥ ಕನ್ನಡಿಗರು ಈಗ ಬಹಳ ಮಂದಿ ಇದ್ದಾರೆ. ಅವರಿಗೆ ಉಪಯೋಗವಾಗಲೆಂದು ಈ ಪ್ರವಾಸದ ಗುಣದೋಷಗಳನ್ನು ವಿವರವಾಗಿ ಬರೆಯುತ್ತಿದ್ದೇನೆ. ಸಂಸ್ಥೆಯ ಹೆಸರನ್ನು ಹೇಳುವುದಿಲ್ಲ. ಇದೇ ದಾರಿಯಲ್ಲಿ ಹೆಚ್ಚುಕಡಿಮೆ ಇದೇ ಬಗೆಯ ಪ್ರವಾಸಗಳನ್ನು ನಡೆಸುವವರು ಹಲವರಿರುವುದರಿಂದ, ನಾನು ಹೇಳುವ ಬಹಳಷ್ಟು ಮಾತು ಅವರೆಲ್ಲರ ವಿಷಯದಲ್ಲೂ ವಿಚಾರಿಸಿ ನೋಡಬೇಕಾದದ್ದೇ ಆಗಿದೆ.

ಮೊದಲೇ ನನ್ನ ತೀರ್ಮಾನವನ್ನು ತಿಳಿಸಿಬಿಡುತ್ತೇನೆ. ಊಟದ ವಿಷಯದಲ್ಲೂ, ಅತ್ಯಂತ ಸುಂದರವಾದ ಕೆರೆಯ ಬಳಿ ಕೊಟ್ಟ ಸಮಯದ ವಿಷಯದಲ್ಲೂ ಈ ಪ್ರವಾಸ ನಮಗೆ ನಿರಾಸೆ ತಂದಿತು. ಆದರೂ ನಾನು ಇದನ್ನು ಮನಸ್ಸು ತುಂಬಿ ಶಿಫಾರಸು ಮಾಡುತ್ತೇನೆ. ಏಕೆಂದರೆ ನಮ್ಮ ಬಸ್ಸನ್ನು ಓಡಿಸುತ್ತಲೇ ಮಾರ್ಗದರ್ಶಿಯೂ ಆಗಿದ್ದ ಮಹಿಳೆ, ಏನನ್ನು ತೋರಿಸಬೇಕೆಂಬುದರಷ್ಟೇ ಗಟ್ಟಿಯಾಗಿ, ಏನನ್ನು ಮಾಡಲು ಬಿಡಬಾರದೆಂಬುದನ್ನೂ ಅರಿತಿದ್ದರು. ಎರಡು ದಿನಗಳಲ್ಲಿ ಆಕೆ ನಮಗೆ ಬೇಡ ಎಂದ ಸಂಗತಿಗಳು ಹತ್ತಾರು. ಪ್ರತಿಯೊಂದಕ್ಕೂ ಕಾರಣ ಕೊಟ್ಟರು. ಆ ಕಾರಣಗಳನ್ನು ಕೇಳುತ್ತ ಕೇಳುತ್ತಲೇ ದ್ವೀಪ ನಮಗೆ ಅರ್ಥವಾಯಿತು.

ಹೆಸರಿನ ವಿಷಯವನ್ನು ಆಕೆ ಬಸ್ಸು ಹೊರಡುವ ಮೊದಲೇ ಎತ್ತಿದರು. ಇಂಗ್ಲಿಷಿನಲ್ಲಿ ಬರೆಯುವಾಗ ಮೊದಲಿಗೆ ‘ಕೆ’ ಅಕ್ಷರ ಇರುತ್ತದೆ, ಆದರೆ ಅದನ್ನು ಉಚ್ಚರಿಸುವುದಿಲ್ಲ. ಹೇಳುವಾಗ ಅದು ನಮ್ಮ ಹಕ್ಕಿಯ ‘ಗರಿ’ಯಂತೆಯೇ ಕೇಳಿಸುತ್ತದೆ. ಬಸ್ಸಿನಲ್ಲಿದ್ದ ಇತರರೆಲ್ಲ ಎರಡು ಮೂರು ಸಲ ಹೇಳಿ ಅಭ್ಯಾಸ ಮಾಡಿಕೊಳ್ಳುತ್ತಿದ್ದಾಗ ನಮ್ಮಿಬ್ಬರ ನಾಲಿಗೆಗೆ ಅದು ಮೊದಲ ಸಲವೇ ಒಗ್ಗಿತು. ದ್ವೀಪದ ಮೂಲನಿವಾಸಿಗಳಾದ ಬುಚುಲ್ಲಾ ಜನರ ಭಾಷೆಯಲ್ಲಿ ಆ ಹೆಸರಿಗೆ ಸ್ವರ್ಗ ಎಂಬ ಅರ್ಥವನ್ನು ಕೊಡುತ್ತಾರೆ. ಅವರ ಕಥೆಯ ಪ್ರಕಾರ ಗರಿ ಒಬ್ಬ ದೇವಕನ್ಯೆ. ಭೂಮಿಯನ್ನು ರೂಪಿಸಲು ಬೀರಲ್ ಎಂಬ ದೇವರು ಕಳಿಸಿದ ಯಿಂಡಿಂಗಿಗೆ ಅವಳು ನೆರವಾದಳು. ಕೆಲಸ ಮುಗಿದ ಮೇಲೆ ತಾನು ಮಾಡಿದ ನೆಲವನ್ನು ಬಿಟ್ಟುಹೋಗಲು ಮನಸ್ಸಾಗದೆ ಇಲ್ಲೇ ಉಳಿಯುತ್ತೇನೆಂದು ಬೇಡಿದಳು. ಅವನು ಅವಳನ್ನು ದ್ವೀಪವಾಗಿಸಿ, ಮರಗಿಡಗಳನ್ನು ಉಡಿಸಿ, ತಾನಿದ್ದ ಆಕಾಶವನ್ನು ಸದಾ ನೋಡುತ್ತಿರಲೆಂದು ಕೆರೆಗಳನ್ನು ಕಣ್ಣುಗಳಾಗಿ ಇಟ್ಟನಂತೆ. ಫ್ರೇಸರ್ ಎಂಬ ಹೆಸರು ಬಂದದ್ದು 1836ರಲ್ಲಿ ‘ಸ್ಟರ್ಲಿಂಗ್ ಕ್ಯಾಸಲ್’ ಹಡಗು ಒಡೆದ ಮೇಲೆ ಇಲ್ಲಿಗೆ ಬಂದು ಸೇರಿದ ಕಪ್ತಾನನ ಪತ್ನಿ ಎಲೈಜಾ ಫ್ರೇಸರಳಿಂದ. ಬುಚುಲ್ಲಾ ಜನರು ಕ್ರೂರಿಗಳೆಂದು ಅವಳು ಆಮೇಲೆ ಹೇಳಿದ ಕಥೆ ಆ ಜನರ ಪಾಲಿಗೆ ಬಹಳ ಕಾಲ ಕಳಂಕವಾಗಿ ಉಳಿಯಿತು. 2014ರಲ್ಲಿ ನ್ಯಾಯಾಲಯ ಈ ನೆಲದ ಮೇಲೆ ಅವರಿಗಿರುವ ಸಾಂಪ್ರದಾಯಿಕ ಹಕ್ಕನ್ನು ಮಾನ್ಯ ಮಾಡಿತು. 2023ರ ಜೂನ್‌ನಲ್ಲಿ ದ್ವೀಪಕ್ಕೆ ಹಳೆಯ ಹೆಸರು ಅಧಿಕೃತವಾಗಿ ಮರಳಿತು. ನಮ್ಮ ಮಾರ್ಗದರ್ಶಿ ಎರಡು ದಿನಗಳಲ್ಲಿ ಒಮ್ಮೆಯೂ ಫ್ರೇಸರ್ ಎನ್ನಲಿಲ್ಲ. ಪ್ರಯಾಣಿಕರಲ್ಲಿ ಯಾರಾದರೂ ಅಂದರೆ ತಿದ್ದಲೂ ಇಲ್ಲ. ಮರುಮಾತಿನಲ್ಲಿ ತಾವು ಗರಿ ಎಂದು ಹೇಳಿ ಮುಂದುವರಿಯುತ್ತಿದ್ದರು. ಅದು ನನಗೆ ಹಿಡಿಸಿತು.

ಬ್ರಿಸ್ಬೇನಿನಿಂದ ಹರ್ವಿ ಬೇ ಪಟ್ಟಣಕ್ಕೆ ಸುಮಾರು 300 ಕಿಲೋಮೀಟರ್ ದೂರ, ಕಾರಿನಲ್ಲಿ ಮೂರೂವರೆ ನಾಲ್ಕು ಗಂಟೆಯ ದಾರಿ. ಮಗಳು ಹಿಂದಿನ ದಿನ ಸಂಜೆಯೇ ನಮ್ಮನ್ನು ಅಲ್ಲಿಗೆ ಕರೆತಂದು ಬಿಟ್ಟಿದ್ದಳು. ಬೆಳಿಗ್ಗೆ ಹೇಳಿದ ಸಮಯಕ್ಕೆ ಐದು ನಿಮಿಷ ಮೊದಲೇ ಬಸ್ಸು ವಸತಿಗೃಹದ ಬಾಗಿಲಿಗೆ ಬಂದಿತು. ಇದು ಸಾಮಾನ್ಯ ಬಸ್ಸಲ್ಲ; ಲಾರಿಯ ಚಾಸಿಯ ಮೇಲೆ ಕಟ್ಟಿದ, ನಾಲ್ಕೂ ಚಕ್ರಗಳಿಗೆ ಎಂಜಿನ್ನಿನ ಬಲ ಹೋಗುವ ಎತ್ತರದ ವಾಹನ. ಹತ್ತುವ ಮೆಟ್ಟಿಲು ಬಹಳ ಎತ್ತರದಲ್ಲಿದ್ದು ನನ್ನ ಹೆಂಡತಿಗೆ ಕಷ್ಟವಾಯಿತು. ಅದನ್ನು ಗಮನಿಸಿದ ಮಾರ್ಗದರ್ಶಿ ಒಂದು ಸಣ್ಣ ಮರದ ಪೀಠವನ್ನು ತಂದಿಟ್ಟರು, ಮತ್ತು ಆಮೇಲಿನ ಪ್ರತಿಯೊಂದು ನಿಲುಗಡೆಯಲ್ಲೂ ನಾವು ಕೇಳುವ ಮೊದಲೇ ಆ ಪೀಠ ಅಲ್ಲಿರುತ್ತಿತ್ತು. ಇಂಥ ಸಣ್ಣ ಕಾಳಜಿಗೆ ಹಣ ಕೊಟ್ಟು ಪಡೆಯುವ ಸೇವೆಯಲ್ಲಿ ದೊಡ್ಡ ಬೆಲೆಯಿದೆ ಎಂದು ನಾನು ತಿಳಿದಿದ್ದೇನೆ. ರಿವರ್ ಹೆಡ್ಸ್ ಎಂಬಲ್ಲಿ ಬಸ್ಸನ್ನೇ ಬಾರ್ಜಿನ ಮೇಲೆ ಏರಿಸಿದರು. ಹೊಳೆಬಾಗಿಲಿನಲ್ಲಿ ಲಾಂಚ್ ಹತ್ತಿ ಸಿಗಂದೂರಿಗೆ ಹೋದವರಿಗೆ ಈ ನೋಟ ಹೊಸದಲ್ಲ. ದ್ವೀಪಕ್ಕೂ ನೆಲಕ್ಕೂ ನಡುವಿನ ಕಿರಿದಾದ ಕಡಲು ಕಾಂಡ್ಲಾ ಗಿಡಗಳಿಂದ ತುಂಬಿದ ಶಾಂತ ನೀರು. ಅರ್ಧ ಗಂಟೆಯಲ್ಲಿ ವಾಂಗೂಲ್ಬಾ ತೊರೆಯ ಬಾಯಿಯಲ್ಲಿ ಇಳಿದೆವು.

ಇಳಿದ ಕ್ಷಣದಿಂದ ಕಾಲಡಿ ಮರಳೇ. ಗರಿ ಸುಮಾರು 120 ಕಿಲೋಮೀಟರ್ ಉದ್ದದ, ಜಗತ್ತಿನಲ್ಲೇ ಅತಿ ದೊಡ್ಡ ಮರಳಿನ ದ್ವೀಪ. ದಕ್ಷಿಣದ ಬೆಟ್ಟಗಳು ಸವೆದು ನದಿಗಳಲ್ಲಿ ಕಡಲಿಗೆ ಬಂದ ಮರಳನ್ನು ಕರಾವಳಿಯ ಗುಂಟ ಸಾಗುವ ಅಲೆಗಳು ಲಕ್ಷಾಂತರ ವರ್ಷ ಉತ್ತರಕ್ಕೆ ಹೊತ್ತು ತಂದು, ಇಲ್ಲಿನ ಕೆಲವೇ ಬಂಡೆಗಳ ಆಸರೆಯಲ್ಲಿ ಒಟ್ಟಿದ್ದರಿಂದ ಇದು ಹುಟ್ಟಿತು. ಮರಳೆಂದರೆ ಬೋಳು ದಿಬ್ಬ ಎಂದುಕೊಂಡು ಹೋದ ನನಗೆ ಸೆಂಟ್ರಲ್ ಸ್ಟೇಷನ್ ಎಂಬ ಹಳೆಯ ಅರಣ್ಯ ಶಿಬಿರದ ಸುತ್ತಲಿನ ಕಾಡು ಕಣ್ಣು ತೆರೆಸಿತು. ಆಗುಂಬೆಯ ಕಡೆಯ ಕಾಡನ್ನು ಚಿಕ್ಕಂದಿನಿಂದ ಕಂಡವನಾದ ನಾನು, ಮಳೆಕಾಡಿಗೆ ಕಪ್ಪು ಮಣ್ಣೂ ಕೊಳೆತ ಎಲೆಯ ದಪ್ಪ ಹಾಸೂ ಬೇಕೇ ಬೇಕೆಂದು ನಂಬಿದ್ದೆ. ಇಲ್ಲಿ ಮಾರ್ಗದರ್ಶಿ ಬೆರಳಿನಿಂದ ತೆಳುವಾದ ಎಲೆಯ ಹೊದಿಕೆಯನ್ನು ಸರಿಸಿ ತೋರಿಸಿದಾಗ ಅದರಡಿ ಬೂದು ಬಣ್ಣದ ಮರಳು ಕಂಡಿತು. ಅಷ್ಟೇ. ಮರಳಿನಲ್ಲಿ ಇರುವ ಅಲ್ಪ ಸಾರವನ್ನು ಬೇರುಗಳಿಗೆ ಅಂಟಿ ಬದುಕುವ ಶಿಲೀಂಧ್ರಗಳು ಹೀರಿ ಮರಗಳಿಗೆ ಕೊಡುತ್ತವೆ, ಉದುರಿದ ಎಲೆ ಮತ್ತೆ ಅದೇ ಮರಗಳಿಗೆ ಉಣಿಸಾಗುತ್ತದೆ. ಹೀಗೆ ಇದ್ದಷ್ಟನ್ನೇ ಸುತ್ತಿಸಿ ಸುತ್ತಿಸಿ ಬದುಕಿಕೊಂಡಿರುವ ಕಾಡು ಇದು. ವಾಂಗೂಲ್ಬಾ ತೊರೆಯ ದಂಡೆಯಲ್ಲಿ ಮರದ ಹಲಗೆಯ ಕಾಲುದಾರಿ ಇದೆ. ನೀರು ಎಷ್ಟು ತಿಳಿಯೆಂದರೆ, ಒಂದು ಎಲೆ ತೇಲಿ ಬರುವವರೆಗೆ ಅಲ್ಲಿ ನೀರಿದೆಯೆಂದೇ ನಮಗೆ ಗೊತ್ತಾಗಲಿಲ್ಲ. ತಳದಲ್ಲಿ ಕಲ್ಲುಗಳಿಲ್ಲದೆ ಬರೀ ಮರಳಿರುವುದರಿಂದ ಹರಿವಿಗೆ ಸದ್ದೂ ಇಲ್ಲ. ದಂಡೆಯ ಮೇಲೆ ಆಳೆತ್ತರವನ್ನು ಮೀರಿ ಚಾಚಿಕೊಂಡ ರಾಜ ಜರಿಗಿಡಗಳು. ಮಾತು ಕಡಿಮೆ ಮಾಡಿ ನಡೆಯಿರಿ ಎಂದು ಮಾರ್ಗದರ್ಶಿ ಕೇಳಿಕೊಂಡರು, ಇಪ್ಪತ್ತು ಚಿಲ್ಲರೆ ಜನ ಅದರಂತೆ ನಡೆದರು.

ಇದೇ ಕಾಡಿನಲ್ಲಿ ಒಂದು ಶತಮಾನಕ್ಕೂ ಮಿಗಿಲಾಗಿ ಮರ ಕಡಿದರು. ಸ್ಯಾಟಿನೇ ಎಂಬ ಇಲ್ಲಿನ ಮರಕ್ಕೆ ಉಪ್ಪುನೀರಿನ ಹುಳು ಹಿಡಿಯುವುದಿಲ್ಲವೆಂಬ ಕಾರಣಕ್ಕೆ ಅದು ಸೂಯೆಜ್ ಕಾಲುವೆಯ ಕಾಮಗಾರಿಗೂ ಲಂಡನ್ನಿನ ಹಡಗುಕಟ್ಟೆಗಳಿಗೂ ಹೋಯಿತು. ಮರಳಿನಲ್ಲಿನ ಖನಿಜಕ್ಕಾಗಿ ಗಣಿಗಾರಿಕೆಯೂ ನಡೆದಿತ್ತು. ಜಾನ್ ಸಿಂಕ್ಲೇರ್ ಎಂಬವರ ಮುಂದಾಳುತನದಲ್ಲಿ 1971ರಲ್ಲಿ ಹುಟ್ಟಿದ ದ್ವೀಪ ರಕ್ಷಣಾ ಸಂಘಟನೆ ವರ್ಷಗಟ್ಟಲೆ ಹೋರಾಡಿತು. 1976ರ ಕೊನೆಗೆ ಗಣಿಗಾರಿಕೆ ನಿಂತಿತು, 1991ರಲ್ಲಿ ಮರ ಕಡಿಯುವುದು ನಿಂತಿತು, 1992ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಕುದುರೆಮುಖದ ಗಣಿಗಾರಿಕೆಯ ಕಾಲವನ್ನು ಕಂಡಿರುವ ನಮಗೆ ಈ ಮೂರು ಗೆಲುವುಗಳ ಹಿಂದಿರುವ ದುಡಿಮೆ ಎಷ್ಟೆಂದು ವಿವರಿಸಿ ಹೇಳಬೇಕಾಗಿರಲಿಲ್ಲ.

ಅಲ್ಲಿಂದ ಬೂರಂಗೂರಾ ಕೆರೆಗೆ ಕಾಡಿನೊಳಗಿನ ಒಂಟಿ ದಾರಿ. ಮರಳಿನ ಗುಂಡಿಗಳಲ್ಲಿ ಬಸ್ಸು ಎತ್ತಿ ಕುಕ್ಕುತ್ತದೆ; ಬೆನ್ನುನೋವಿರುವವರು ಮುಂದಿನ ಸಾಲುಗಳಲ್ಲಿ ಕುಳಿತುಕೊಳ್ಳಬೇಕು. ಮೆಕೆಂಜಿ ಕೆರೆ ಎಂದು ಹೆಚ್ಚು ಜನರಿಗೆ ಗೊತ್ತಿರುವ ಈ ಕೆರೆಯ ಚಿತ್ರಗಳನ್ನು ಎಲ್ಲರೂ ನೋಡಿರುತ್ತಾರೆ. ಚಿತ್ರದಲ್ಲಿ ಕಾಣುವ ನೀಲಿ ನಿಜ. ದಡದ ಹತ್ತಿರ ಬಣ್ಣವೇ ಇಲ್ಲದ ನೀರು, ಸ್ವಲ್ಪ ಒಳಗೆ ತಿಳಿ ಹಸಿರು, ನಂತರ ಒಮ್ಮೆಗೇ ಗಾಢ ನೀಲಿ. ಮರಳು ಬಹುಪಾಲು ಶುದ್ಧ ಸಿಲಿಕಾ ಆದ್ದರಿಂದ ಮೈದಾ ಹಿಟ್ಟಿನಷ್ಟು ಬಿಳಿ, ಬಿಸಿಲಿನಲ್ಲೂ ಕಾಲು ಸುಡುವುದಿಲ್ಲ. ಈ ಕೆರೆಗೆ ಒಳಹರಿವೂ ಇಲ್ಲ, ಹೊರಹರಿವೂ ಇಲ್ಲ, ಅಂತರ್ಜಲದ ನಂಟೂ ಇಲ್ಲ. ಸಾವಿರಾರು ವರ್ಷ ಕೊಳೆತ ಎಲೆಯೂ ಮರಳೂ ಬೆರೆತು ಗಾರೆಯಂತೆ ಗಟ್ಟಿಯಾದ ತಳದ ಮೇಲೆ ಮಳೆಯ ನೀರು ಮಾತ್ರ ನಿಂತು, ಅಂತರ್ಜಲದ ಮಟ್ಟಕ್ಕಿಂತ ಬಹಳ ಎತ್ತರದಲ್ಲಿ ತೂಗುಹಾಕಿದಂತೆ ಇರುವ ಕೆರೆ ಇದು. ಇಂಥ ಕೆರೆಗಳು ಜಗತ್ತಿನಲ್ಲೇ ವಿರಳ, ಅವುಗಳಲ್ಲಿ ಸುಮಾರು ಅರ್ಧದಷ್ಟು ಗರಿಯಲ್ಲೇ ಇವೆ. ನೀರು ಸ್ವಲ್ಪ ಆಮ್ಲೀಯ, ಪೋಷಕಾಂಶ ತೀರಾ ಕಡಿಮೆ, ಹಾಗಾಗಿ ಮೀನುಗಳೂ ಬೆರಳೆಣಿಕೆಯಷ್ಟು. ಹೊರಗಿನಿಂದ ಬಂದು ಸೇರುವ ಯಾವುದನ್ನೂ ತೊಳೆದು ಸಾಗಿಸಲು ಈ ನೀರಿಗೆ ದಾರಿಯಿಲ್ಲ.

ಆದ್ದರಿಂದಲೇ ನಮ್ಮ ಮಾರ್ಗದರ್ಶಿ ಕೆರೆಗೆ ಇಳಿಯುವವರಿಗೆ ಬಿಸಿಲಿನ ಕ್ರೀಮನ್ನು ಹಚ್ಚಲು ಬಿಡಲಿಲ್ಲ. ಉದ್ದ ತೋಳಿನ ಅಂಗಿ ತೊಟ್ಟು ಇಳಿಯಿರಿ ಎಂದರು. ತಿಂಡಿಯ ಪೊಟ್ಟಣಗಳನ್ನು ದಡಕ್ಕೆ ಒಯ್ಯಬಾರದು. ಊಟವೆಲ್ಲ ಮೇಲೆ ಬೇಲಿ ಹಾಕಿದ ಜಾಗದಲ್ಲೇ ಆಗಬೇಕು, ಏಕೆಂದರೆ ಡಿಂಗೊ ಎಂಬ ಇಲ್ಲಿನ ಕಾಡುನಾಯಿಗಳು ವಾಸನೆ ಹಿಡಿದು ಬರುತ್ತವೆ. ಒಬ್ಬ ಪ್ರಯಾಣಿಕ ನೆನಪಿಗೆಂದು ಸಣ್ಣ ಸೀಸೆಯಲ್ಲಿ ಬಿಳಿ ಮರಳನ್ನು ತುಂಬಿಕೊಂಡಾಗ ಆಕೆ ಅವರ ಪಕ್ಕಕ್ಕೆ ಹೋಗಿ, ಯಾರಿಗೂ ಕೇಳಿಸದಂತೆ ಏನೋ ಹೇಳಿದರು. ಆತ ಸೀಸೆಯನ್ನು ಅಲ್ಲೇ ಬರಿದು ಮಾಡಿದರು. ಬುಚುಲ್ಲಾ ಜನರು ಮೂರು ಕಟ್ಟಳೆಗಳನ್ನು ಹೇಳುತ್ತಾರೆ: ನೆಲಕ್ಕೆ ಒಳಿತಾದದ್ದು ಮೊದಲು, ನಿನ್ನದಲ್ಲದ್ದನ್ನು ಮುಟ್ಟಬೇಡ, ಒಯ್ಯಬೇಡ, ನಿನ್ನಲ್ಲಿ ಹೆಚ್ಚಿದ್ದರೆ ಹಂಚಿಕೋ. ಬಸ್ಸಿಗೆ ಮರಳಿದ ಮೇಲೆ ಆಕೆ ಯಾರನ್ನೂ ಬೆರಳು ಮಾಡಿ ತೋರಿಸದೆ ಈ ಮೂರನ್ನೂ ಎಲ್ಲರಿಗೂ ಹೇಳಿದರು.

ಈಗ ದೂರು. ಬೂರಂಗೂರಾದಲ್ಲಿ ನಮಗೆ ಕೊಟ್ಟದ್ದು ಒಂದೇ ಗಂಟೆ. ಬಟ್ಟೆ ಬದಲಿಸಿ ದಡಕ್ಕೆ ನಡೆಯುವುದಕ್ಕೆ ಹತ್ತು ನಿಮಿಷ, ಹಿಂದಿರುಗಿ ಮೆಟ್ಟಿಲು ಹತ್ತುವುದಕ್ಕೆ ನನ್ನ ಹೆಂಡತಿಯ ನಡಿಗೆಯಲ್ಲಿ ಇಪ್ಪತ್ತು ನಿಮಿಷ ಹೋದರೆ, ಕೆರೆಯ ಬಳಿ ಉಳಿಯುವುದು ಅರ್ಧ ಗಂಟೆ. ಅದೂ ನಡುಮಧ್ಯಾಹ್ನ, ನಾವು ಹೋದಾಗ ಬೇರೆ ಮೂರು ಬಸ್ಸುಗಳು ಬಂದಿದ್ದವು, ದಡದಲ್ಲಿ ಜಾತ್ರೆಯ ಗದ್ದಲ. ಆಗಸ್ಟ್ ಅಲ್ಲಿ ಚಳಿಗಾಲವಾದ್ದರಿಂದ ನೀರು ತಣ್ಣಗೆ ಕೊರೆಯುತ್ತಿತ್ತು, ಮೈ ಅದಕ್ಕೆ ಹೊಂದಿಕೊಳ್ಳುವ ಹೊತ್ತಿಗೆ ಕರೆ ಬಂದಿತು. ಪ್ರವಾಸದ ಪ್ರಕಟಣೆಯಲ್ಲಿ ಮುಖಪುಟದ ಚಿತ್ರವಾಗಿ ಹಾಕಿಕೊಂಡಿರುವ ಜಾಗಕ್ಕೆ ಇಷ್ಟು ಜುಗ್ಗತನದಿಂದ ಸಮಯ ಕೊಡುವುದು ನ್ಯಾಯವಲ್ಲ. ಬೆಳಿಗ್ಗೆ ಬೇಗನೆಯೋ ಮೂರು ಗಂಟೆಯ ನಂತರವೋ ಈ ಕೆರೆಗೆ ಕರೆದೊಯ್ಯುವ ಪ್ರವಾಸ ಸಿಕ್ಕರೆ ಅದನ್ನೇ ಆರಿಸಿಕೊಳ್ಳಬೇಕು. ದ್ವೀಪದ ಅತಿ ಆಳವಾದ ವಾಬಿ ಕೆರೆಯನ್ನು ಪಕ್ಕದ ಮರಳುದಿಬ್ಬ ವರ್ಷ ವರ್ಷವೂ ಇಷ್ಟಿಷ್ಟೇ ನುಂಗುತ್ತ ಬರುತ್ತಿದೆ. ಅದನ್ನು ನೋಡುವ ಆಸೆ ನನಗೆ ಬಹಳವಿತ್ತು, ಆದರೆ ಎರಡು ದಿನದ ಪಟ್ಟಿಯಲ್ಲಿ ಅದಕ್ಕೆ ಜಾಗವಿರಲಿಲ್ಲ.

ರಾತ್ರಿಯ ವಾಸ ಪೂರ್ವ ಕರಾವಳಿಯ ಒಂದು ವಸತಿಗೃಹದಲ್ಲಿ. ಕೋಣೆ ಸರಳ, ಚೊಕ್ಕಟ, ಬಿಸಿನೀರು ಚೆನ್ನಾಗಿತ್ತು. ಊಟದ ವಿಷಯದಲ್ಲಿ ಮಾತ್ರ ಸಂಸ್ಥೆ ಎಡವಿತು. ನಾವು ಮೊಟ್ಟೆಯನ್ನೂ ತಿನ್ನದ ಸಸ್ಯಾಹಾರಿಗಳೆಂದು ಮಗಳು ಕಾದಿರಿಸುವಾಗಲೇ ಬರೆದು ತಿಳಿಸಿದ್ದಳು, ಅದಕ್ಕೆ ಒಪ್ಪಿಗೆಯ ಉತ್ತರವೂ ಬಂದಿತ್ತು. ಮೊದಲ ದಿನ ಮಧ್ಯಾಹ್ನ ಬ್ರೆಡ್ಡು, ಸೌತೆಕಾಯಿ, ಚೀಸು ಸಿಕ್ಕಿದವು, ತೊಂದರೆಯಾಗಲಿಲ್ಲ. ರಾತ್ರಿ ಬೇಯಿಸಿದ ತರಕಾರಿಯನ್ನೂ ಆಲೂಗಡ್ಡೆಯನ್ನೂ ಬಿಟ್ಟರೆ ನಾವು ಮುಟ್ಟಬಹುದಾದದ್ದು ಏನೂ ಇರಲಿಲ್ಲ. ಎರಡನೆಯ ದಿನ ಮಧ್ಯಾಹ್ನ ನಮ್ಮ ಹೆಸರಿನ ಪೊಟ್ಟಣದಲ್ಲಿ ಮಾಂಸದ ತುಂಡುಗಳಿದ್ದವು. ಅವನ್ನು ತೆಗೆದು ತಿನ್ನಬಹುದಲ್ಲ ಎಂದು ಊಟ ಕಟ್ಟಿಕೊಟ್ಟ ಕೆಲಸದವರೊಬ್ಬರು ಹೇಳಿದ್ದು ನಮಗೆ ನೋವುಂಟುಮಾಡಿತು. ಬೇಕೆಂದು ಹೇಳಿದ ಮಾತಲ್ಲವೆಂದು ಗೊತ್ತು. ಆದರೆ ಬರೆದು ಒಪ್ಪಿಕೊಂಡದ್ದನ್ನು ಅಡುಗೆಮನೆಯವರೆಗೆ ತಲುಪಿಸುವುದು ಸಂಸ್ಥೆಯ ಹೊಣೆ. ಮಾರ್ಗದರ್ಶಿ ಕ್ಷಮೆ ಕೇಳಿ ತಮ್ಮಲ್ಲಿದ್ದ ಬಾಳೆಹಣ್ಣು, ಸೇಬುಗಳನ್ನು ಕೊಟ್ಟರು. ಮಗಳು ಕಟ್ಟಿಕೊಟ್ಟಿದ್ದ ಮೆಂತ್ಯದ ಚಪಾತಿಯೂ ಚಟ್ನಿಪುಡಿಯೂ ನಮ್ಮನ್ನು ಕಾಪಾಡಿದವು. ಸಸ್ಯಾಹಾರಿಗಳು ಎರಡು ದಿನದ ಬುತ್ತಿಯನ್ನು ಬಿಗಿಯಾದ ಮುಚ್ಚಳದ ಡಬ್ಬಿಗಳಲ್ಲಿ ಒಯ್ಯಲೇಬೇಕು, ಮತ್ತು ಆ ಡಬ್ಬಿಗಳು ಬಸ್ಸಿನೊಳಗೇ ಇರಬೇಕು, ಹೊರಗೆ ಎಲ್ಲೂ ಇಡುವಂತಿಲ್ಲ.

ಎರಡನೆಯ ದಿನದ ವೇಳಾಪಟ್ಟಿಯನ್ನು ತೀರ್ಮಾನಿಸುವುದು ಕಡಲು. ಪೂರ್ವದ ಉದ್ದನೆಯ ತೀರದ ಹೆಸರೇ 75 ಮೈಲಿ ತೀರ. ಇದು ಸಮುದ್ರತೀರವೂ ಹೌದು, ಹೆದ್ದಾರಿಯೂ ಹೌದು, ಸಣ್ಣ ವಿಮಾನಗಳು ಇಳಿಯುವ ಪಟ್ಟಿಯೂ ಹೌದು. ಗಂಟೆಗೆ 80 ಕಿಲೋಮೀಟರ್ ವೇಗಮಿತಿಯ ಫಲಕ ಮರಳಿನ ಮೇಲೆ ನಿಂತಿರುತ್ತದೆ. ಆದರೆ ದಾರಿ ಇರುವುದು ಇಳಿತದ ಹೊತ್ತಿನಲ್ಲಿ ಮಾತ್ರ. ಉಬ್ಬರದ ಹಿಂದುಮುಂದಿನ ಎರಡೆರಡು ಗಂಟೆ ತೀರದಲ್ಲಿ ವಾಹನ ಓಡಿಸಬಾರದು. ಆದ್ದರಿಂದ ನಮ್ಮನ್ನು ಬೆಳಕು ಹರಿಯುವ ಮೊದಲೇ ಎಬ್ಬಿಸಿದರು. ಕೆಲವರು ಗೊಣಗಿದರು, ಮಾರ್ಗದರ್ಶಿ ಸೊಪ್ಪು ಹಾಕಲಿಲ್ಲ. ಸೂರ್ಯ ಕಡಲಿನಿಂದ ಮೇಲೇಳುವಾಗ ಒದ್ದೆ ಮರಳಿನ ಮೇಲೆ ಬಸ್ಸು ಸದ್ದಿಲ್ಲದೆ ಸಾಗುತ್ತಿತ್ತು. ಒಂದು ಬದಿಗೆ ಅಲೆಗಳು, ಇನ್ನೊಂದು ಬದಿಗೆ ಗಾಳಿಮರಗಳೂ ಕೇದಗೆಯ ಜಾತಿಯ ಮುಳ್ಳುಪೊದೆಗಳೂ. ಆ ಒಂದು ಗಂಟೆಗಾಗಿಯೇ ಈ ಪ್ರವಾಸದ ಹಣ ಸಂದಾಯವಾಯಿತೆಂದು ನನ್ನ ಹೆಂಡತಿ ಹೇಳಿದಳು. ನಾನೂ ಒಪ್ಪುತ್ತೇನೆ.

ಇಷ್ಟು ಸೊಗಸಾದ ಕಡಲಿಗೆ ಇಳಿಯುವುದಕ್ಕೂ ಬಿಡಲಿಲ್ಲ. ತೀರದ ಒಳಸೆಳೆತ ಬಲವಾದದ್ದು, ಶಾರ್ಕ್‌ಗಳು ಓಡಾಡುತ್ತವೆ, ಕಾಯುವ ಈಜುಗಾರರು ಯಾರೂ ಇಲ್ಲ. ಅದರ ಬದಲಿಗೆ ಈಲೈ ತೊರೆಯಲ್ಲಿ ಇಳಿಸಿದರು. ಮರಳಿನೊಳಗೆ ಸೋಸಿ ಬಂದ ಸಿಹಿನೀರು ದಿನಕ್ಕೆ ಸುಮಾರು 8 ಕೋಟಿ ಲೀಟರಿನಂತೆ ಇಲ್ಲಿಂದ ಕಡಲಿಗೆ ಸೇರುತ್ತದೆ. ಮೇಲಿನ ಹಲಗೆಯ ದಾರಿಯಿಂದ ಇಳಿದು ನೀರಿನಲ್ಲಿ ಕುಳಿತರೆ ಹರಿವೇ ನಮ್ಮನ್ನು ಮೆಲ್ಲಗೆ ಕಡಲ ಕಡೆಗೆ ತಳ್ಳಿಕೊಂಡು ಬರುತ್ತದೆ. ಮೊಣಕಾಲು ನೋವಿನವರಿಗೂ ಇದು ಸಾಧ್ಯ. ಮುಂದೆ ‘ಮಹೀನೋ’ ಹಡಗಿನ ಅಸ್ಥಿಪಂಜರ. 1905ರಲ್ಲಿ ಸ್ಕಾಟ್ಲೆಂಡಿನಲ್ಲಿ ಕಟ್ಟಿದ ಈ ಪ್ರಯಾಣಿಕರ ಹಡಗು ಮೊದಲ ಮಹಾಯುದ್ಧದಲ್ಲಿ ಆಸ್ಪತ್ರೆಯಾಗಿ ಗಾಯಾಳುಗಳನ್ನು ಸಾಗಿಸಿತ್ತು. 1935ರಲ್ಲಿ ಗುಜರಿಗೆಂದು ಜಪಾನಿಗೆ ಎಳೆದೊಯ್ಯುವಾಗ ಚಂಡಮಾರುತಕ್ಕೆ ಹಗ್ಗ ಹರಿದು ಇಲ್ಲಿ ಬಂದು ಬಿದ್ದಿತು. ತುಕ್ಕು ತಿಂದ ಕಬ್ಬಿಣ ಯಾವಾಗ ಬೇಕಾದರೂ ಕುಸಿಯಬಹುದೆಂದು ಹತ್ತಿರಕ್ಕೆ ಹೋಗಲು ಬಿಡುವುದಿಲ್ಲ. ದೂರದಿಂದಲೇ ನೋಡಿ ಹೊರಟೆವು.

ಇನ್ನೂ ಉತ್ತರಕ್ಕೆ, ಈ ಮರಳಿನ ನಡುವೆ ಅಪರೂಪಕ್ಕೆ ಬಂಡೆಯ ಒಂದು ಗುಡ್ಡ ಕಡಲೊಳಗೆ ಚಾಚಿಕೊಂಡಿದೆ. ನಕಾಶೆಯಲ್ಲಿ ಅದರ ಹೆಸರು ಇಂಡಿಯನ್ ಹೆಡ್. ನಮ್ಮ ದೇಶದ ಹೆಸರು ಇಲ್ಲಿಗೆ ಹೇಗೆ ಬಂತೆಂದು ನನಗೆ ಹಿಂದಿನ ದಿನದಿಂದಲೇ ಕುತೂಹಲವಿತ್ತು. 1770ರಲ್ಲಿ ಜೇಮ್ಸ್ ಕುಕ್ ಹಡಗಿನಲ್ಲಿ ಹಾದುಹೋಗುವಾಗ ಗುಡ್ಡದ ಮೇಲೆ ನೆರೆದಿದ್ದ ಮೂಲನಿವಾಸಿಗಳನ್ನು ಕಂಡು ಈ ಹೆಸರಿಟ್ಟನಂತೆ. ಆ ಕಾಲದ ಯುರೋಪಿಯನ್ನರ ಬಾಯಲ್ಲಿ ತಮಗೆ ಗೊತ್ತಿಲ್ಲದ ನಾಡಿನ ಜನರೆಲ್ಲ ಇಂಡಿಯನ್ನರೇ. ಬುಚುಲ್ಲಾ ಜನರ ಬಾಯಲ್ಲಿ ಆ ಗುಡ್ಡ ಟಕ್ಕಿ ವೂರೂ. ಬಸ್ಸಿನಲ್ಲಿದ್ದ ಭಾರತೀಯರು ನಾವಿಬ್ಬರೇ. ಮಾರ್ಗದರ್ಶಿ ನಮ್ಮ ಕಡೆ ತಿರುಗಿ, ಈ ತಪ್ಪಿನಲ್ಲಿ ನಿಮಗೂ ಪಾಲಿದೆ ಎಂದು ಹೇಳಿದಾಗ ನನಗೆ ಆ ಜನರ ಜೊತೆ ಏನೋ ಒಂದು ಬಾಂಧವ್ಯ ಹುಟ್ಟಿದಂತೆ ಅನಿಸಿತು. ಹೊರಗಿನವರು ಕೊಟ್ಟ ಹೆಸರನ್ನು ಹೊತ್ತು ಬದುಕುವ ಅನುಭವ ಇಬ್ಬರಿಗೂ ಇದೆಯಲ್ಲವೇ?

ಗುಡ್ಡವನ್ನು ಬಳಸಿ ಹೋಗುವ ದಾರಿಯ ಮರಳು ಹುಡಿಹುಡಿ. ಅಲ್ಲಿ ಒಂದು ಬಾಡಿಗೆ ಜೀಪು ಚಕ್ರದ ಅರ್ಧದವರೆಗೆ ಹೂತು ನಿಂತಿತ್ತು. ನಮ್ಮ ಮಾರ್ಗದರ್ಶಿ ಇಳಿದು ಹೋಗಿ, ಟೈರುಗಳ ಗಾಳಿಯನ್ನು ಇನ್ನಷ್ಟು ಇಳಿಸಲು ಹೇಳಿ, ಸಲಿಕೆ ಹಿಡಿದು ಚಕ್ರದ ಮುಂದಿನ ಮರಳನ್ನು ತೆಗೆದು, ಹತ್ತು ನಿಮಿಷದಲ್ಲಿ ಅವರನ್ನು ದಾಟಿಸಿದರು. ಸ್ವಂತ ವಾಹನದಲ್ಲಿ ಹೋಗುವುದು ಹೆಚ್ಚು ಸ್ವಾತಂತ್ರ್ಯವೆಂದು ನಮ್ಮ ಹುಡುಗರು ಹೇಳುತ್ತಾರೆ. ನಿಜ, ಕೆರೆಯ ದಡದಲ್ಲಿ ಎಷ್ಟು ಹೊತ್ತು ಬೇಕಾದರೂ ಕೂರಬಹುದು. ಆದರೆ ಅದಕ್ಕೆ ನೆಲದಿಂದ ಎತ್ತರವಿರುವ ನಾಲ್ಕು ಚಕ್ರ ಚಾಲನೆಯ ವಾಹನ, ಸರಕಾರದ ಪರವಾನಗಿ, ಉಬ್ಬರವಿಳಿತದ ಪಟ್ಟಿಯ ತಿಳಿವಳಿಕೆ, ಮರಳಿನಲ್ಲಿ ಓಡಿಸಿದ ಅನುಭವ ಎಲ್ಲವೂ ಬೇಕು. ಮೊದಲ ಸಲ ಹೋಗುವವರು ಬಸ್ಸಿನಲ್ಲೇ ಹೋಗುವುದು ಸರಿಯೆಂದು ನನ್ನ ದೃಢವಾದ ಅಭಿಪ್ರಾಯ.

ಆಚೆಗಿರುವ ಶಾಂಪೇನ್ ಪೂಲ್ಸ್ ಎಂಬಲ್ಲಿ ಬಂಡೆಗಳ ನಡುವಿನ ಕೊಳಗಳಿಗೆ ಅಲೆಗಳು ಉಕ್ಕಿ ಬಿದ್ದು ನೊರೆಗಟ್ಟುತ್ತವೆ. ಎಳೆಯರು ಈಜಿದರು. ನಾವು ಹಲಗೆಯ ದಾರಿಯ ಮೇಲೆ ನಿಂತಿದ್ದಾಗ ದೂರದ ಕಡಲಿನಲ್ಲಿ ಬಿಳಿಯ ಹಬೆಯ ಒಂದು ಕಂಬ ಎದ್ದು ಕರಗಿತು, ಅದರ ಬೆನ್ನಿಗೇ ಸಣ್ಣದೊಂದು ಎದ್ದಿತು. ತಾಯಿ ತಿಮಿಂಗಿಲ, ಮತ್ತು ಮರಿ. ದಕ್ಷಿಣ ಧ್ರುವದ ಕಡೆಯ ಕಡಲಿನಿಂದ ಮರಿ ಹಾಕಲು ಉತ್ತರಕ್ಕೆ ಬರುವ ಹಂಪ್‌ಬ್ಯಾಕ್ ತಿಮಿಂಗಿಲಗಳು ಹಿಂದಿರುಗುವಾಗ ಗರಿಯ ಪಶ್ಚಿಮದ ಶಾಂತ ಕೊಲ್ಲಿಯಲ್ಲಿ ಮರಿಗಳೊಂದಿಗೆ ಕೆಲವು ದಿನ ತಂಗುತ್ತವೆ. ಜುಲೈ ಕೊನೆಯಿಂದ ಅಕ್ಟೋಬರ್‌ವರೆಗೆ ಅದರ ಕಾಲ. ಹತ್ತಿರದಿಂದ ನೋಡಬೇಕೆಂದರೆ ಹರ್ವಿ ಬೇಯಿಂದ ಬೇರೆ ದೋಣಿ ಪ್ರವಾಸ ಮಾಡಬೇಕು, ಅದು ಈ ಹಣದಲ್ಲಿ ಸೇರಿಲ್ಲ.

ಡಿಂಗೊಗಳ ವಿಷಯವನ್ನು ನಾನು ಕೊನೆಗೆ ಉಳಿಸಿಕೊಂಡೆ, ಏಕೆಂದರೆ ಸೇವೆಯ ಗುಣವನ್ನು ನಾನು ಅಳೆದದ್ದು ಅಲ್ಲಿ. ಬುಚುಲ್ಲಾ ಭಾಷೆಯಲ್ಲಿ ವೊಂಗಾರಿ ಎನ್ನುವ ಈ ಕಾಡುನಾಯಿಗಳು ನಮ್ಮ ಬೀದಿಯ ಕೆಂದ ನಾಯಿಯಂತೆಯೇ ಕಾಣುತ್ತವೆ. ಅದೇ ಮೈಬಣ್ಣ, ಅದೇ ನಿಲುವು, ಸ್ವಲ್ಪ ಬಡಕಲು. ನೋಡಿದ ಕೂಡಲೇ ಚಪಾತಿಯ ಒಂದು ಚೂರು ಎಸೆಯೋಣ ಎಂದು ನಮ್ಮವರ ಕೈ ತಾನಾಗಿ ಮುಂದೆ ಬರುತ್ತದೆ. ಅದು ಇಲ್ಲಿ ದೊಡ್ಡ ಅಪರಾಧ, ದಂಡವೂ ಭಾರಿ. ಮನುಷ್ಯರ ಕೈಯಿಂದ ತಿಂದ ಡಿಂಗೊ ಮನುಷ್ಯರನ್ನು ಹೆದರದೆ ಹತ್ತಿರ ಬರುತ್ತದೆ, ಮುಂದೆ ಕಚ್ಚುತ್ತದೆ, ಕೊನೆಗೆ ಅಧಿಕಾರಿಗಳು ಅದನ್ನು ಕೊಲ್ಲಬೇಕಾಗುತ್ತದೆ. 2001ರಲ್ಲಿ ಒಂಬತ್ತು ವರ್ಷದ ಒಬ್ಬ ಹುಡುಗ ಇಲ್ಲಿ ಡಿಂಗೊಗಳಿಗೆ ಸಿಕ್ಕಿ ಸತ್ತ; ಆಮೇಲೆ ಹಲವು ಡಿಂಗೊಗಳನ್ನು ಕೊಂದರು. ಮಾರ್ಗದರ್ಶಿ ಇದನ್ನು ಹೆದರಿಸಲೆಂದು ಹೇಳದೆ, ಎರಡು ಕಡೆಯ ಸಾವಿಗೂ ಸಮನಾಗಿ ಮರುಗುತ್ತ ಹೇಳಿದರು. ಒಬ್ಬರೇ ಅಲೆಯಬಾರದು, ಮಕ್ಕಳು ಕೈಯಳತೆಯಲ್ಲಿರಬೇಕು, ಎದುರಾದರೆ ಓಡಬಾರದು, ಅದರ ಕಡೆಗೇ ಮುಖ ಮಾಡಿ ತೋಳುಗಳನ್ನು ಎದೆಗೆ ಕಟ್ಟಿಕೊಂಡು ನಿಧಾನವಾಗಿ ಹಿಂದೆ ಸರಿಯಬೇಕು.

ಎರಡನೆಯ ದಿನ ಹಿಂದಿರುಗುವಾಗ ತೀರದಲ್ಲಿ ಒಂದು ವೊಂಗಾರಿ ಕಂಡಿತು. ಒದ್ದೆ ಮರಳಿನ ಮೇಲೆ ಒಂಟಿಯಾಗಿ, ಯಾವುದೋ ಕೆಲಸಕ್ಕೆ ಹೊರಟಂತೆ ನೇರವಾಗಿ ನಡೆದು ಬರುತ್ತಿತ್ತು. ಬಸ್ಸಿನಲ್ಲಿದ್ದ ಎಲ್ಲರೂ ಇಳಿದು ಚಿತ್ರ ತೆಗೆದುಕೊಳ್ಳುತ್ತೇವೆಂದು ಕೇಳಿದರು. ಆಕೆ ಬಸ್ಸನ್ನು ನಿಲ್ಲಿಸಿ ಎಂಜಿನ್ ಆರಿಸಿದರು, ಬಾಗಿಲನ್ನು ಮಾತ್ರ ತೆರೆಯಲಿಲ್ಲ. ಅದು ನಮ್ಮ ಕಿಟಕಿಗಳ ಪಕ್ಕದಲ್ಲೇ ಹಾದು, ಒಮ್ಮೆಯೂ ತಲೆ ಎತ್ತಿ ನೋಡದೆ, ದಿಬ್ಬ ಹತ್ತಿ ಗಾಳಿಮರಗಳ ನಡುವೆ ಮರೆಯಾಯಿತು. ನಿಮ್ಮನ್ನು ಲೆಕ್ಕಕ್ಕೇ ತೆಗೆದುಕೊಳ್ಳದ ಡಿಂಗೊ ಆರೋಗ್ಯವಂತ ಡಿಂಗೊ ಎಂದು ಆಕೆ ಹೇಳಿದ ಮಾತು ನನ್ನ ಕಿವಿಯಲ್ಲಿ ಇನ್ನೂ ಇದೆ.

ಹೋಗುವವರಿಗೆ ಕೆಲವು ಮಾತು. ಆಗಸ್ಟ್, ಸೆಪ್ಟೆಂಬರ್ ಒಳ್ಳೆಯ ತಿಂಗಳುಗಳು. ಮಳೆ ಕಡಿಮೆ, ಸೆಕೆಯಿಲ್ಲ, ತಿಮಿಂಗಿಲಗಳಿರುತ್ತವೆ. ರಾತ್ರಿಗೆ ಸ್ವೆಟರ್ ಬೇಕೇ ಬೇಕು. ಡಿಸೆಂಬರ್, ಜನವರಿಯಲ್ಲಿ ಶಾಲೆಗಳ ರಜೆಯಿಂದ ಜನಸಂದಣಿ ವಿಪರೀತ ಎಂದು ಮಗಳು ಹೇಳುತ್ತಾಳೆ. ಸುಲಭವಾಗಿ ತೆಗೆದು ಹಾಕುವ ಪಾದರಕ್ಷೆ ತೊಡಬೇಕು. ಕಾದಿರಿಸುವ ಮೊದಲು ಸಂಸ್ಥೆಗೆ ಫೋನ್ ಮಾಡಿ, ಬೂರಂಗೂರಾ ಕೆರೆಗೆ ಯಾವ ಹೊತ್ತಿನಲ್ಲಿ ಹೋಗುತ್ತಾರೆ, ಎಷ್ಟು ಸಮಯ ಕೊಡುತ್ತಾರೆ, ಆ ದಿನದ ಉಬ್ಬರವಿಳಿತದಲ್ಲಿ ಉತ್ತರದ ಕೊಳಗಳವರೆಗೆ ತಲುಪಲು ಸಾಧ್ಯವೇ ಎಂದು ಕೇಳಿ ತಿಳಿದುಕೊಳ್ಳಬೇಕು. ನಾವು ನಮ್ಮ ಎರಡು ದೂರುಗಳನ್ನೂ, ಮಾರ್ಗದರ್ಶಿಯ ಬಗೆಗಿನ ಮೆಚ್ಚುಗೆಯನ್ನೂ ಒಂದೇ ಪತ್ರದಲ್ಲಿ ಸಂಸ್ಥೆಗೆ ಬರೆದು ಕಳಿಸಿದ್ದೇವೆ. ಮುಂದಿನ ವರ್ಷ ಮೊಮ್ಮಗಳಿಗೆ ಏಳು ತುಂಬುತ್ತದೆ. ಅವಳನ್ನು ಕರೆದುಕೊಂಡು ಇದೇ ಸಂಸ್ಥೆಯ ಮೂರು ದಿನದ ಪ್ರವಾಸಕ್ಕೆ ಹೋಗಬೇಕೆಂದಿದ್ದೇವೆ, ಅದರಲ್ಲಿ ವಾಬಿ ಕೆರೆಯೂ ಇದೆ. ಗರಿ ಎಂದು ಹೇಳುವುದನ್ನು ಅವಳು ಈಗಾಗಲೇ ಕಲಿತಿದ್ದಾಳೆ.